ವಸಡಿಗೆ ತಾಕುವ ಬೆಳಕು

ಬಾಯಿಯೊಳಗಿನ ಗಾಯಕ್ಕೆ ಬೇರೆಲ್ಲೂ ಇಲ್ಲದ ತೊಡಕೊಂದಿದೆ. ಕೈಯೋ ಕಾಲೋ ಕೊಯ್ದರೆ ಬಟ್ಟೆ ಸುತ್ತಿ, ಒದ್ದೆ ಮಾಡಬೇಡ, ಅಲ್ಲಾಡಿಸಬೇಡ ಎಂದು ಹೇಳಿ ಕಳಿಸಬಹುದು. ಬಾಯಿಯಲ್ಲಿ ಇದ್ಯಾವುದೂ ಸಾಧ್ಯವಿಲ್ಲ. ನಾಲಿಗೆ ಸುಮ್ಮನಿರುವುದಿಲ್ಲ, ಜೊಲ್ಲು ನಿಲ್ಲುವುದಿಲ್ಲ, ಊಟ ಬಿಡುವಂತಿಲ್ಲ. ನಾಲ್ಕು ಹನಿ ರಕ್ತ ಜೊಲ್ಲಿಗೆ ಬೆರೆತರೂ ಸಾಕು, ಬಾಯಿ ತುಂಬ ಕೆಂಪು. ದೊಡ್ಡವರು ಹಲ್ಲು ಕಚ್ಚಿ ಸಹಿಸುತ್ತಾರೆ. ಆರು ವರ್ಷದ ಮಗು ಬೇಸಿನ್ನಿನಲ್ಲಿ ತಾನು ಉಗುಳಿದ್ದನ್ನು ನೋಡಿತೆಂದರೆ ಅಂದಿನ ಚಿಕಿತ್ಸೆ ಅಲ್ಲಿಗೆ ಮುಗಿಯಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಆ ಹೆದರಿಕೆ ಬೆಳೆದ ಮೇಲೂ ಬಿಡುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗುವುದನ್ನು ವರ್ಷಗಟ್ಟಲೆ ಮುಂದೂಡುವ ಎಷ್ಟೋ ದೊಡ್ಡವರ ಭಯದ ಬೇರು ಇಂಥ ಒಂದು ಬಾಲ್ಯದ ಮಧ್ಯಾಹ್ನದಲ್ಲಿದೆ.

ಮಗುವಿನ ವಸಡು ದೊಡ್ಡವರ ವಸಡಿನ ಚಿಕ್ಕ ಪ್ರತಿಯೂ ಅಲ್ಲ. ಮೇಲ್ಪದರದ ಗಟ್ಟಿ ಹೊದಿಕೆ ತೆಳು, ಅದರಡಿ ರಕ್ತನಾಳಗಳು ದಟ್ಟ. ಹಾಗಾಗಿ ಬಣ್ಣ ಹೆಚ್ಚು ಕೆಂಪು, ಮುಟ್ಟಿದರೆ ಮೆತ್ತಗೆ, ಕೆರೆದರೆ ಬೇಗ ರಕ್ತ. ಹಾಲುಹಲ್ಲಿನ ಬುಡದಲ್ಲಿ ವಸಡಿನ ಅಂಚು ದುಂಡಗೆ ಉಬ್ಬಿಕೊಂಡಿರುತ್ತದೆ. ಅದರ ಕೆಳಗೆ ಮೂಳೆಯೊಳಗೆ ಶಾಶ್ವತ ಹಲ್ಲಿನ ಮೊಳಕೆಗಳು ಬೆಳೆಯುತ್ತಿರುತ್ತವೆ. ಇಲ್ಲಿ ಕೆಲಸ ಮಾಡುವ ಉಪಕರಣ ಏನೇ ಆಗಲಿ, ಅದರ ಪರಿಣಾಮ ಮೇಲಿನ ಒಂದೆರಡು ಮಿಲಿಮೀಟರಿನಲ್ಲೇ ನಿಲ್ಲಬೇಕು.

ಮಕ್ಕಳ ಬಾಯಿಯ ಮೆದು ಭಾಗದಲ್ಲಿ ಬೀಳುವ ಕೆಲಸಗಳೂ ಹೆಚ್ಚಿನವು ಸಣ್ಣವೇ. ಕೆಳತುಟಿಯೊಳಗೆ ಎದ್ದ ನೀರುಗುಳ್ಳೆ ತೆಗೆಯುವುದು, ಹಲ್ಲಿನ ಮೇಲೆ ಏರಿ ಕುಳಿತ ವಸಡನ್ನು ಕೆಳಗಿಳಿಸುವುದು, ತುಟಿಯನ್ನೋ ನಾಲಿಗೆಯನ್ನೋ ಎಳೆದು ಹಿಡಿದ ಪಟ್ಟಿಯನ್ನು ಬಿಡಿಸುವುದು, ಹೊರಬರಲು ತಿಣುಕುತ್ತಿರುವ ಹಲ್ಲಿಗೆ ದಾರಿ ಮಾಡಿಕೊಡುವುದು. ಕೆಲಸ ಸಣ್ಣದು, ಮಗುವಿನ ಕಣ್ಣಿಗೆ ಕಾಣುವ ಸಲಕರಣೆ ಮಾತ್ರ ದೊಡ್ಡದು: ಸೂಜಿ, ಅಲಗು, ಹೊಲಿಗೆ ದಾರ. ಲೇಸರ್ ಇವುಗಳಲ್ಲಿ ಅಲಗನ್ನು ಬದಲಿಸುತ್ತದೆ, ಹೊಲಿಗೆಯನ್ನು ಬಹುಪಾಲು ತಪ್ಪಿಸುತ್ತದೆ, ಸೂಜಿಯನ್ನು ಕೆಲವೊಮ್ಮೆ ಮಾತ್ರ ತಪ್ಪಿಸುತ್ತದೆ. ಅದರ ನಿಜವಾದ ಕೊಡುಗೆ ಇಷ್ಟು. ಇಷ್ಟೇ ಇದ್ದರೂ ಮಗುವಿನ ಮಟ್ಟಿಗೆ ಇದು ಕಡಿಮೆಯೇನಲ್ಲ. ಆದರೆ ಲೇಸರ್ ಎಂದರೆ ನೋವೇ ಇಲ್ಲ, ರಕ್ತವೇ ಇಲ್ಲ ಎಂಬ ಜಾಹೀರಾತಿನ ಮಾತನ್ನು ಒಪ್ಪಿಕೊಳ್ಳುವ ಮುಂಚೆ ಆ ಬೆಳಕು ವಸಡಿನಲ್ಲಿ ಏನು ಮಾಡುತ್ತದೆಂದು ತಿಳಿದಿರಬೇಕು.

ಮೊದಲು ಅದು ಬಂದ ದಾರಿ. ಲೇಸರಿನ ಬೀಜ ಐನ್‌ಸ್ಟೈನರ ಲೆಕ್ಕದಲ್ಲಿತ್ತು. ಉತ್ತೇಜಿತ ಪರಮಾಣುವಿನ ಬಳಿ ತಕ್ಕ ಶಕ್ತಿಯ ಬೆಳಕಿನ ಕಣವೊಂದು ಹಾದುಹೋದರೆ, ಆ ಪರಮಾಣು ಅದೇ ಬಣ್ಣದ, ಅದೇ ದಿಕ್ಕಿನ, ಅದೇ ಲಯದ ಇನ್ನೊಂದು ಕಣವನ್ನು ಹೊರಹಾಕುತ್ತದೆ ಎಂದು ಅವರು 1917ರ ಹೊತ್ತಿಗೆ ತೋರಿಸಿದ್ದರು. ಅದನ್ನು ಕೈಗೆ ಸಿಗುವ ಬೆಳಕಾಗಿಸಿದವರು ಥಿಯೋಡರ್ ಮೈಮನ್. 1960ರ ಮೇ 16ರಂದು ಕ್ಯಾಲಿಫೋರ್ನಿಯದ ಮ್ಯಾಲಿಬುವಿನ ಹ್ಯೂಸ್ ಪ್ರಯೋಗಾಲಯದಲ್ಲಿ ಅವರ ಮಾಣಿಕ್ಯದ ಹರಳು 694 ನ್ಯಾನೊಮೀಟರ್ ತರಂಗಾಂತರದ ಕಡುಗೆಂಪು ಬೆಳಕನ್ನು ಚಿಮ್ಮಿತು. ಐದು ವರ್ಷ ತುಂಬುವುದರೊಳಗೆ ಆ ಬೆಳಕು ಮನುಷ್ಯನ ಹಲ್ಲಿನ ಮೇಲೆ ಬಿದ್ದಿತ್ತು. 1965ರಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಜೀವಂತ ಹಲ್ಲೊಂದಕ್ಕೆ ಮಾಣಿಕ್ಯ ಲೇಸರಿನ ಎರಡು ಮಿಡಿತ ತಾಕಿಸಿದರು. ಹಲ್ಲು ಅವರ ಸಹೋದರ, ದಂತವೈದ್ಯ ಬರ್ನಾರ್ಡರದು. ನೋವಾಗಲಿಲ್ಲ, ಹಲ್ಲಿನ ಮೇಲ್ಮೈ ಮಾತ್ರ ಸ್ವಲ್ಪ ಕೆಟ್ಟಿತು.

ಆದರೂ ಮಾಣಿಕ್ಯ ಲೇಸರ್ ದಂತವೈದ್ಯಕ್ಕೆ ಒಗ್ಗಲಿಲ್ಲ. ಎನಾಮಲನ್ನು ಕರಗಿಸುವಷ್ಟು ಶಕ್ತಿ ಕೊಟ್ಟರೆ ಒಳಗಿನ ಜೀವಂತ ತಿರುಳು ಬೆಂದುಹೋಗುತ್ತಿತ್ತು. ಹಲ್ಲು ಕೊರೆಯುವ ಕನಸು ಹಿಂದೆ ಸರಿದಾಗ ಮೆದು ಅಂಗಾಂಶದ ದಾರಿ ತೆರೆದುಕೊಂಡಿತು, ಮತ್ತು ಅದನ್ನು ತೆರೆದವರಲ್ಲಿ ನಮ್ಮ ಪಕ್ಕದ ಮಹಾರಾಷ್ಟ್ರದವರೊಬ್ಬರಿದ್ದರು. ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1964ರಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ಕಂಡುಹಿಡಿದರು. ಅದರ ತರಂಗಾಂತರ 10,600 ನ್ಯಾನೊಮೀಟರ್, ಕಣ್ಣಿಗೆ ಕಾಣದ ದೂರದ ಅವಕೆಂಪು. ನೀರು ಈ ಬೆಳಕನ್ನು ಸಿಕ್ಕಲ್ಲೇ ಹೀರಿಬಿಡುತ್ತದೆ. ವಸಡಿನ ಬಹುಪಾಲು ನೀರೇ ಆದ್ದರಿಂದ ಕಿರಣ ಮಿಲಿಮೀಟರಿನ ಸಣ್ಣ ಭಾಗದಷ್ಟು ಇಳಿಯುವುದರೊಳಗೆ ಖರ್ಚಾಗುತ್ತದೆ. ಶಸ್ತ್ರವೈದ್ಯರಿಗೆ ಬೇಕಾಗಿದ್ದದ್ದು ಇದೇ.

ಒಂದು ಅಡ್ಡಿ ಉಳಿದಿತ್ತು. ಸಾಮಾನ್ಯ ಗಾಜಿನ ತಂತುವಿನಲ್ಲಿ ಆ ಬೆಳಕು ಸಾಗುವುದಿಲ್ಲ. ಕೀಲುಕೀಲಿಗೂ ಕನ್ನಡಿ ಕೂರಿಸಿದ ಉದ್ದನೆಯ ತೋಳಿನ ಮೂಲಕ ಅದನ್ನು ಬಾಯಿಯವರೆಗೆ ತರಬೇಕಾಗಿತ್ತು. ಮಗುವಿನ ಪುಟ್ಟ ಬಾಯಿಗೆ ಆ ತೋಳು ಎಲ್ಲಿಯ ಹೊಂದಾಣಿಕೆ? ಇಲ್ಲಿ ಇನ್ನೊಬ್ಬ ಭಾರತೀಯರ ಹೆಸರು ಬರುತ್ತದೆ. ಪಂಜಾಬಿನ ಮೋಗಾದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಜೊತೆಗೂಡಿ, ಬಾಗಿದ ಗಾಜಿನೆಳೆಗಳ ಕಟ್ಟಿನಲ್ಲಿ ಚಿತ್ರವೊಂದು ಸಾಗುವುದನ್ನು ತೋರಿಸಿದ್ದರು. ಅಲ್ಲಿಂದ ಬೆಳೆದ ತಂತು ತಂತ್ರಜ್ಞಾನಕ್ಕೆ ಹತ್ತಿರದ ಅವಕೆಂಪಿನ ಲೇಸರುಗಳು ಚೆನ್ನಾಗಿ ಹೊಂದಿಕೊಂಡವು. 1064 ನ್ಯಾನೊಮೀಟರಿನ ನಿಯೋಡೈಮಿಯಂ ಯಾಗ್ ಅಂಥದ್ದೊಂದು. ಮಿಷಿಗನ್ನಿನ ಟೆರಿ ಮೈಯರ್ಸ್ ದಂತವೈದ್ಯ, ಅವರ ಸಹೋದರ ವಿಲಿಯಂ ಕಣ್ಣಿನ ವೈದ್ಯ. ಕಣ್ಣಿನ ಲೇಸರನ್ನು ಬಾಯಿಗೆ ಒಗ್ಗಿಸಲು ಇಬ್ಬರೂ ಸೇರಿ ದುಡಿದರು. ಹಲ್ಲಿನ ಕ್ಲಿನಿಕ್ಕಿಗೆಂದೇ ಮಾಡಿದ ಅವರ ಯಂತ್ರಕ್ಕೆ 1990ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸಮ್ಮತಿ ಸಿಕ್ಕಿತು. ಸಮ್ಮತಿ ಸಿಕ್ಕಿದ್ದು ಹಲ್ಲಿಗಲ್ಲ, ವಸಡಿನಂಥ ಮೆದು ಅಂಗಾಂಶಕ್ಕೆ.

ಈಗ ನಮ್ಮ ಊರುಗಳ ಮಕ್ಕಳ ದಂತ ಚಿಕಿತ್ಸಾಲಯಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಡಯೋಡ್ ಲೇಸರ್. ಮೇಜಿನ ಮೂಲೆಯಲ್ಲಿ ಹಿಡಿಸುವ ಪೆಟ್ಟಿಗೆ, ಅದರಿಂದ ಹೊರಟ ತಂತು, ತುದಿಯಲ್ಲಿ ಪೆನ್ನಿನಷ್ಟೇ ದಪ್ಪದ ಹಿಡಿಕೆ. ತಂತುವಿನ ದಪ್ಪ ಸಾಮಾನ್ಯವಾಗಿ 200ರಿಂದ 400 ಮೈಕ್ರೊಮೀಟರ್. ತರಂಗಾಂತರ 810, 940 ಅಥವಾ 980 ನ್ಯಾನೊಮೀಟರ್. ಇದರ ಜೊತೆಗೆ 2940 ನ್ಯಾನೊಮೀಟರಿನ ಅರ್ಬಿಯಂ ಯಾಗ್ ಇದೆ. 1997ರಲ್ಲಿ ಎಫ್‌ಡಿಎ ಇದನ್ನು ಹಲ್ಲಿನ ಗಟ್ಟಿ ಭಾಗಕ್ಕೂ ಒಪ್ಪಿತು. ಗೋಲ್ಡ್‌ಮನ್‌ರ ಕಾಲದ ಕನಸು ನನಸಾದದ್ದು ಆಗ.

ಈ ಸಂಖ್ಯೆಗಳ ಅರ್ಥ ತಿಳಿಯಲು ವಸಡಿನೊಳಗೆ ಇಳಿಯಬೇಕು. ಬೆಳಕು ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಅದನ್ನು ಹೀರಿಕೊಳ್ಳುವ ಅಣು ಅಲ್ಲಿರಬೇಕು. ವಸಡಿನಲ್ಲಿ ಮುಖ್ಯವಾಗಿ ಅಂಥವು ಮೂರು: ನೀರು, ರಕ್ತದ ಹಿಮೋಗ್ಲೋಬಿನ್, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್. ಅರ್ಬಿಯಂ ಬೆಳಕನ್ನು ನೀರು ಎಲ್ಲಕ್ಕಿಂತ ಹಸಿವಿನಿಂದ ಹೀರುತ್ತದೆ. ಕಿರಣ ಬಿದ್ದಲ್ಲಿ ಜೀವಕೋಶದ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಸಿಡಿಯುತ್ತದೆ, ಪಟಪಟ ಸದ್ದು ಕೇಳುತ್ತದೆ. ಅಕ್ಕಪಕ್ಕಕ್ಕೆ ಶಾಖ ಹರಡುವುದು ತೀರ ಕಡಿಮೆ, ಆದ್ದರಿಂದ ಗಾಯ ಬೇಗ ಮಾಯುತ್ತದೆ. ಶಾಖ ಹರಡದಿದ್ದುದರಿಂದಲೇ ರಕ್ತ ಅಷ್ಟಾಗಿ ನಿಲ್ಲುವುದಿಲ್ಲ ಎಂಬುದೂ ನಿಜ. ಡಯೋಡಿನ ಬೆಳಕು ನೀರನ್ನು ದಾಟಿ ಆಳಕ್ಕೆ ಹೋಗಿ ಹಿಮೋಗ್ಲೋಬಿನ್ ಮತ್ತು ಮೆಲನಿನ್‌ಗಳಲ್ಲಿ ಇಂಗುತ್ತದೆ. ರಕ್ತ ನಿಲ್ಲಿಸುವುದರಲ್ಲಿ ಅದು ನಿಪುಣ, ಹಾಗೆಯೇ ಸುತ್ತಲಿನ ಅಂಗಾಂಶವನ್ನು ಬೇಯಿಸುವ ಅಪಾಯವೂ ಅದರಲ್ಲಿ ಹೆಚ್ಚು. ಕಪ್ಪಗಿನ ವಸಡು ನಮ್ಮಲ್ಲಿ ಸಹಜ. ಅಂಥ ವಸಡು ಅದೇ ಕಿರಣವನ್ನು ಗುಲಾಬಿ ವಸಡಿಗಿಂತ ಹೆಚ್ಚು ಹೀರುವುದರಿಂದ, ಎಲ್ಲಿಂದಲೋ ಬಂದ ಕೈಪಿಡಿಯ ಅಂಕಿಯನ್ನು ಹಾಗೇ ಒತ್ತದೆ ಶಕ್ತಿಯನ್ನು ತಗ್ಗಿಸಿ ಶುರು ಮಾಡುವುದು ಲೇಸು.

ಹೀರಿದ ಬೆಳಕು ಶಾಖವಾಗುತ್ತದೆ. ಅಂಗಾಂಶ 60 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅದರ ಪ್ರೋಟೀನುಗಳು ರೂಪ ಕೆಟ್ಟು ಹೆಪ್ಪುಗಟ್ಟುತ್ತವೆ. ವಸಡು ಬಿಳಿಚಿಕೊಳ್ಳುವುದು ಈ ಹಂತದಲ್ಲಿ. ಸಣ್ಣ ರಕ್ತನಾಳಗಳ ಗೋಡೆ ಕುಗ್ಗಿ ಬಾಯಿ ಮುಚ್ಚುತ್ತದೆ. 100 ಡಿಗ್ರಿಯಲ್ಲಿ ನೀರು ಕುದಿದು ಜೀವಕೋಶ ಸಿಡಿಯುತ್ತದೆ, ಕತ್ತರಿಸಿದಂತಾಗುತ್ತದೆ. 200 ದಾಟಿದರೆ ಕರಕಲು. ನಿಪುಣ ಕೈಯ ಗುರಿ ಮೊದಲ ಎರಡು ಹಂತ. ವಸಡಿನ ಅಂಚು ಕಪ್ಪಗಾಗುತ್ತಿದೆ ಎಂದರೆ ಏನೋ ಎಡವಟ್ಟಾಗುತ್ತಿದೆ ಎಂದೇ ಅರ್ಥ.

ಶಾಖ ಎಷ್ಟು ಎಂಬುದರಷ್ಟೇ ಮುಖ್ಯವಾದದ್ದು ಎಷ್ಟು ಹೊತ್ತು ಎಂಬುದು. ದೀಪದ ಕುಡಿಯ ಮೇಲೆ ಬೆರಳನ್ನು ಸರಕ್ಕನೆ ಆಡಿಸಿದರೆ ಸುಡುವುದಿಲ್ಲ, ಅಲ್ಲೇ ಹಿಡಿದರೆ ಬೊಬ್ಬೆ ಏಳುತ್ತದೆ. ಉರಿಯ ತಾಪ ಎರಡು ಸಲವೂ ಒಂದೇ. ಅಂಗಾಂಶಕ್ಕೆ ಶಾಖವನ್ನು ಸುತ್ತಮುತ್ತ ಹಂಚಿ ತಣಿಯಲು ಒಂದಿಷ್ಟು ಸಮಯ ಬೇಕು. ಲೇಸರ್ ಬೆಳಕು ಆ ಬಿಡುವನ್ನು ಕೊಟ್ಟು ಮಿಡಿತ ಮಿಡಿತವಾಗಿ ಬಂದರೆ, ವೈದ್ಯರ ಕೈ ಒಂದೆಡೆ ನಿಲ್ಲದೆ ಬ್ರಷ್ಷಾಡಿಸಿದ ಹಾಗೆ ಚಲಿಸುತ್ತಿದ್ದರೆ, ಕೆಳಗಿನ ಪದರಗಳು ಬೇಯುವುದಿಲ್ಲ. ಅದೇ ಯಂತ್ರ, ಅದೇ ಶಕ್ತಿ, ಕೈ ಎರಡು ಸೆಕೆಂಡು ನಿಂತಿತೆಂದರೆ ಪರಿಣಾಮ ಬೇರೆ.

ಡಯೋಡಿನ ಬಗ್ಗೆ ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಕ್ಲಿನಿಕ್ಕಿನಲ್ಲಿ ಬಳಸುವ ಒಂದೆರಡು ವ್ಯಾಟ್ ಶಕ್ತಿಯಲ್ಲಿ 810 ಅಥವಾ 980 ನ್ಯಾನೊಮೀಟರಿನ ಬೆಳಕು ವಸಡನ್ನು ನೇರವಾಗಿ ಕತ್ತರಿಸಲಾರದು. ಆಳಕ್ಕಿಳಿದು ಚೆದುರಿಹೋಗುತ್ತದೆ. ಅದಕ್ಕೇ ವೈದ್ಯರು ಶುರುವಿಗೆ ಮುನ್ನ ಗಾಜಿನ ತುದಿಯನ್ನು ಬಿರಡೆಯ ತುಂಡಿಗೋ, ಕಚ್ಚುವಿಕೆ ಪರೀಕ್ಷಿಸುವ ಬಣ್ಣದ ಕಾಗದಕ್ಕೋ ತಾಕಿಸಿ ಕಿರಣ ಹೊತ್ತಿಸುತ್ತಾರೆ. ತುದಿಗೆ ಮಸಿ ಹಿಡಿಯುತ್ತದೆ. ಆ ಮಸಿ ಬೆಳಕನ್ನೆಲ್ಲ ನುಂಗಿ ನೂರಾರು ಡಿಗ್ರಿಗೆ ಕಾಯುತ್ತದೆ. ಆಮೇಲೆ ಕತ್ತರಿಸುವುದು ಬಹುಮಟ್ಟಿಗೆ ಆ ಕಾದ ಗಾಜು. ಇದು ಮೋಸವೇನಲ್ಲ. ಶಾಖವೆಲ್ಲ ಕೂದಲೆಳೆಯಷ್ಟು ಜಾಗದಲ್ಲಿ ಸೇರುವುದರಿಂದ ಆಳಕ್ಕಿಳಿಯುವ ಬೆಳಕು ಕಡಿಮೆಯಾಗಿ ಮಗುವಿಗೆ ಒಳ್ಳೆಯದೇ ಆಗುತ್ತದೆ. ಆದರೆ ತುದಿಗೆ ಮಸಿ ಹಿಡಿಸದೆ, ಸುಮ್ಮನೆ ವ್ಯಾಟ್ ಏರಿಸುತ್ತ ಹೋಗುವವರ ಕೈಯಲ್ಲಿ ಇದೇ ಯಂತ್ರ ಕಣ್ಣಿಗೆ ಕಾಣದ ಆಳದಲ್ಲಿ ಹಾನಿ ಮಾಡಬಲ್ಲದು.

ಒಂದು ಚಿಕಿತ್ಸೆಯನ್ನು ಹತ್ತಿರದಿಂದ ನೋಡೋಣ. ಎಂಟು ವರ್ಷದ ಹುಡುಗನ ಕೆಳತುಟಿಯೊಳಗೆ ಅರ್ಧ ಸೆಂಟಿಮೀಟರ್ ಅಗಲದ ನೀಲಿ ಛಾಯೆಯ ಗುಳ್ಳೆ. ತುಟಿ ಕಚ್ಚಿಕೊಳ್ಳುವ ಅಭ್ಯಾಸದಿಂದ ಸಣ್ಣ ಜೊಲ್ಲುಗ್ರಂಥಿಯ ನಾಳ ಹರಿದು, ಒಸರಿದ ಲೋಳೆ ಅಂಗಾಂಶದಲ್ಲೇ ನಿಂತಿದೆ. ಎರಡು ಸಲ ತಾನೇ ಒಡೆದು ಮತ್ತೆ ತುಂಬಿಕೊಂಡಿದೆ. ಮೊದಲ ಹತ್ತು ನಿಮಿಷ ಲೇಸರ್ ಆನ್ ಆಗುವುದೇ ಇಲ್ಲ. ವೈದ್ಯರು ಹೇಳಿ, ತೋರಿಸಿ, ಆಮೇಲೆ ಮಾಡುವ ಕ್ರಮ ಹಿಡಿಯುತ್ತಾರೆ. ಕನ್ನಡಕ ಹಾಕಿಸುತ್ತಾರೆ, ಪಕ್ಕದಲ್ಲಿ ಕುಳಿತ ಅಮ್ಮನಿಗೂ ಒಂದು. ಗುರಿ ತೋರುವ ಕೆಂಪು ಚುಕ್ಕೆಯನ್ನು ಹುಡುಗನ ಅಂಗೈ ಮೇಲೆ ಓಡಿಸುತ್ತಾರೆ. ಆ ಚುಕ್ಕೆಗೆ ಸುಡುವ ಶಕ್ತಿ ಇಲ್ಲ, ಕತ್ತರಿಸುವ ಕಿರಣ ಕಾಲ್ತುಳಿ ಒತ್ತಿದಾಗ ಮಾತ್ರ ಬರುತ್ತದೆ.

ತುಟಿಯನ್ನು ಒಣಗಿಸಿ ಮರಗಟ್ಟಿಸುವ ಜೆಲ್ ಹಚ್ಚಿ ಕಾಯುತ್ತಾರೆ. ಗ್ರಂಥಿ ಆಳದಲ್ಲಿರುವುದರಿಂದ ಇಲ್ಲಿ ಚಿಕ್ಕ ಸೂಜಿಯೊಂದು ಬೇಕೇ ಬೇಕು. ಜೆಲ್ ಹಚ್ಚಿದ ಮೇಲೆ ಅದರ ಚುಚ್ಚು ಅಷ್ಟು ತಿಳಿಯುವುದಿಲ್ಲ. ಸಹಾಯಕಿ ತುಟಿಯನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹೊರಮಗ್ಗುಲಿಗೆ ತಿರುಗಿಸಿ ಹಿಡಿಯುತ್ತಾಳೆ, ಹೀರುಕೊಳವೆಯನ್ನು ಗುಳ್ಳೆಯ ಪಕ್ಕಕ್ಕೇ ತರುತ್ತಾಳೆ. ವೈದ್ಯರು ಗುಳ್ಳೆಯ ಸುತ್ತ ತುದಿಯನ್ನು ಆಡಿಸುತ್ತಾರೆ. ಅಂಚು ಬಿಳಿಚುತ್ತದೆ, ಸೀಳು ತೆರೆಯುತ್ತದೆ, ಎಳೆ ಹೊಗೆ ಕೊಳವೆಯೊಳಗೆ ಹೋಗುತ್ತದೆ. ಲೋಳೆಚೀಲ ಕಿತ್ತುಬಂದ ಮೇಲೆ ತಳದಲ್ಲಿ ಹಳದಿ ಬಿಳುಪಿನ ಪುಟ್ಟ ಗೆಣ್ಣುಗಳು ಕಾಣಿಸುತ್ತವೆ. ಅವೇ ಗ್ರಂಥಿಗಳು. ಅವುಗಳನ್ನು ಬಿಟ್ಟು ಗುಳ್ಳೆಯನ್ನಷ್ಟೇ ಆವಿ ಮಾಡಿದರೆ ಕೆಲವೇ ವಾರಗಳಲ್ಲಿ ಅದು ಮರಳಿ ಬರುವ ಸಂಭವ ಹೆಚ್ಚು. ಲೇಸರ್ ಬಂದಮೇಲೂ ಅಂಗರಚನೆ ಬಲ್ಲ ಕಣ್ಣಿಗೆ ಬದಲಿ ಬಂದಿಲ್ಲ. ತೆಗೆದ ತುಣುಕು ಪರೀಕ್ಷೆಗೆ ಹೋಗಬೇಕು. ಶಾಖ ಅದರ ಅಂಚನ್ನು ಕೆಡಿಸಿ ಸೂಕ್ಷ್ಮದರ್ಶಕದಡಿ ಓದಲಾಗದಂತೆ ಮಾಡುವುದರಿಂದ, ಕೊಂಚ ಅಗಲವಾಗಿಯೇ ತೆಗೆಯುವುದು ಪದ್ಧತಿ.

ಹೊಲಿಗೆ ಇಲ್ಲ. ಗಾಯ ತೆರೆದೇ ಇರುತ್ತದೆ, ತಳದಿಂದ ಮೇಲಕ್ಕೆ ತುಂಬಿಕೊಳ್ಳುತ್ತದೆ. ಮಾರನೆಯ ದಿನ ಅದರ ಮೇಲೆ ಹಳದಿ ಮಿಶ್ರಿತ ಬಿಳಿ ಪೊರೆ ಕಾಣುತ್ತದೆ. ಕೀವಾಗಿದೆ ಎಂದು ಗಾಬರಿಯಾಗಿ ಫೋನು ಮಾಡುವ ತಾಯಂದಿರು ಬಹಳ. ಅದು ಕೀವಲ್ಲ, ರಕ್ತದ ಫೈಬ್ರಿನ್ ಕಟ್ಟಿಕೊಟ್ಟ ಹೊದಿಕೆ. ಒರೆಸಿ ತೆಗೆಯಬಾರದು. ಮಗು ಮೂರ್ನಾಲ್ಕು ದಿನ ಖಾರ, ಹುಳಿ, ಚಕ್ಕುಲಿ ಕೋಡುಬಳೆ ಬಿಟ್ಟು ತಣ್ಣಗಿನ ಮೊಸರನ್ನ ತಿಂದರೆ, ಉಪ್ಪುನೀರು ಮುಕ್ಕಳಿಸಿದರೆ, ಎರಡು ವಾರದಲ್ಲಿ ತುಟಿ ಬಹುತೇಕ ಮೊದಲಿನಂತಾಗುತ್ತದೆ. ಮನೆಯವರು ಗಮನವಿಡಬೇಕಾದದ್ದು ಇನ್ನೊಂದಿದೆ. ಮೊದಲ ಎರಡು ಮೂರು ಗಂಟೆ ತುಟಿ ಮರಗಟ್ಟಿರುತ್ತದೆ. ಮಗು ತಿಳಿಯದೆ ಅದನ್ನು ಕಚ್ಚಿ ಜಗಿದು ಲೇಸರ್ ಮಾಡಿದ್ದಕ್ಕಿಂತ ದೊಡ್ಡ ಗಾಯ ಮಾಡಿಕೊಳ್ಳಬಹುದು.

ಜೆಲ್ಲಿನ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ಬೆಂಜೊಕೇನ್ ಇರುವ ಜೆಲ್ಲನ್ನು ಎರಡು ವರ್ಷದೊಳಗಿನ ಕೂಸುಗಳಿಗೆ ಹಚ್ಚಬಾರದೆಂದು ಎಫ್‌ಡಿಎ 2018ರಲ್ಲಿ ಎಚ್ಚರಿಸಿತು. ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುವ ಅಪರೂಪದ, ಆದರೆ ಪ್ರಾಣಾಂತಿಕವಾಗಬಹುದಾದ ಸ್ಥಿತಿ ಅದರಿಂದ ಉಂಟಾಗುತ್ತದೆ. ಹಲ್ಲು ಹುಟ್ಟುವ ನೋವಿಗೆಂದು ಅಂಗಡಿಯಿಂದ ಜೆಲ್ ತಂದು ಹಚ್ಚುವವರು ಅದರ ಲೇಬಲ್ ಓದಬೇಕು.

ಲೇಸರಿನ ಬೆಲೆ ನಿಜವಾಗಿ ತಿಳಿಯುವುದು ಬೇರೆ ಕಾಯಿಲೆಯೂ ಇರುವ ಮಕ್ಕಳಲ್ಲಿ. ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುವ ಮಗುವನ್ನು ನೋಡಿ. 1938ರಲ್ಲಿ ಬಳಕೆಗೆ ಬಂದ ಈ ಔಷಧದಿಂದ ವಸಡು ಬೆಳೆಯುತ್ತದೆಂದು ಮರುವರ್ಷವೇ ಕಿಂಬಲ್ ಎಂಬ ವೈದ್ಯರು ವರದಿ ಮಾಡಿದ್ದರು. ಅದನ್ನು ನುಂಗುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೀಗಾಗುತ್ತದೆ. ಮೂತ್ರಪಿಂಡ ಕಸಿಯಾದವರು ತೆಗೆದುಕೊಳ್ಳುವ ಸೈಕ್ಲೊಸ್ಪೋರಿನ್‌ನಿಂದಲೂ, ರಕ್ತದೊತ್ತಡದ ನಿಫೆಡಿಪಿನ್‌ನಿಂದಲೂ ಇದು ಉಂಟು. ಹಲ್ಲುಗಳ ನಡುವೆ ಗುಂಡುಗುಂಡಾಗಿ ಶುರುವಾದ ವಸಡು ಕ್ರಮೇಣ ಹಲ್ಲನ್ನೇ ಮುಚ್ಚುತ್ತದೆ. ಬ್ರಷ್ ಒಳಗೆ ಹೋಗುವುದಿಲ್ಲ, ಕೊಳೆ ನಿಲ್ಲುತ್ತದೆ, ಕೊಳೆ ನಿಂತಷ್ಟೂ ವಸಡು ಇನ್ನೂ ಊದುತ್ತದೆ. ಶಾಲೆಯಲ್ಲಿ ನಗಲು ನಾಚುವ ಮಗು ಮಾತನ್ನೇ ಕಡಿಮೆ ಮಾಡುತ್ತದೆ. ಹಿಂದೆ ಇಂಥ ವಸಡನ್ನು ಅಲಗಿನಿಂದ ಕೊಯ್ದರೆ ಇಡೀ ದವಡೆಯುದ್ದಕ್ಕೂ ರಕ್ತ ಒಸರುತ್ತಿತ್ತು, ಮೇಲೆ ಲೇಪದ ಪಟ್ಟಿ ಕಟ್ಟಬೇಕಿತ್ತು. ಲೇಸರಿನಲ್ಲಿ ವೈದ್ಯರು ಒಂದೊಂದು ಸಲ ಒಂದೊಂದು ಭಾಗ ಮುಗಿಸುತ್ತಾರೆ, ಹಲ್ಲಿನ ಆಕಾರ ನೋಡುತ್ತ ವಸಡನ್ನು ಕೆತ್ತುತ್ತಾರೆ, ಮಗು ಅದೇ ದಿನ ಮನೆಗೆ ಹೋಗುತ್ತದೆ.

ಇಲ್ಲಿ ಎರಡು ಕಿವಿಮಾತು. ಔಷಧ ಮುಂದುವರಿದು ಹಲ್ಲು ಉಜ್ಜುವುದು ಸುಧಾರಿಸದಿದ್ದರೆ ವಸಡು ಮತ್ತೆ ಬೆಳೆಯುತ್ತದೆ, ಲೇಸರ್ ಅದನ್ನು ತಡೆಯಲಾರದು. ಇನ್ನೊಂದು, ವಸಡಿಗೆ ಹೆದರಿ ಫಿಟ್ಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಲೇಬಾರದು. ಬೇರೆ ಔಷಧಕ್ಕೆ ಬದಲಾಯಿಸಬಹುದೇ ಎಂಬುದನ್ನು ನರರೋಗ ತಜ್ಞರೇ ಹೇಳಬೇಕು.

ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯ ಇರುವ ಮಗುವಿಗೆ ಹಾಲುಹಲ್ಲು ಬೀಳುವುದೂ ಮನೆಮಂದಿಗೆಲ್ಲ ಆತಂಕದ ಘಳಿಗೆ. ಅಂಥ ಮಗುವಿನ ವಸಡಿನಲ್ಲಿ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತಲೇ ಸಾಗುವ ಉಪಕರಣ ದೊಡ್ಡ ಆಸರೆ. ಹಾಗೆಂದು ರಕ್ತತಜ್ಞರ ಸಲಹೆ, ರಕ್ತ ಹೆಪ್ಪುಗಟ್ಟಿಸಲು ಬೇಕಾದ ಫ್ಯಾಕ್ಟರ್, ಟ್ರಾನೆಕ್ಸಾಮಿಕ್ ಆಮ್ಲದ ಬಾಯಿಮುಕ್ಕಳಿಕೆ ಇವುಗಳ ಜಾಗವನ್ನು ಲೇಸರ್ ತುಂಬುವುದಿಲ್ಲ. ಅದು ಮುಚ್ಚಬಲ್ಲದ್ದು ಸಣ್ಣ ನಾಳಗಳನ್ನು ಮಾತ್ರ. ಹಲ್ಲಿಗೆ ತಂತಿ ಹಾಕಿಸಿಕೊಂಡ ಹದಿಹರೆಯದವರ ಊದಿದ ವಸಡಿಗೂ ಲೇಸರ್ ಅನುಕೂಲ, ಯಾಕೆಂದರೆ ವಿದ್ಯುತ್ ಹರಿಸುವ ಶಸ್ತ್ರದಂತೆ ಲೋಹಕ್ಕೆ ತಗಲಿ ತೊಂದರೆ ಮಾಡುವ ಪ್ರವಾಹ ಇದರಲ್ಲಿಲ್ಲ.

ಇನ್ನು ಲೇಸರ್ ಹಿಡಿಯಬಾರದ ಕಡೆಗಳು. ಈ ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ, ಯಾಕೆಂದರೆ ಯಂತ್ರ ಕೊಂಡ ಮೇಲೆ ಅದನ್ನು ಬಳಸಬೇಕೆನ್ನುವ ತುಡಿತ ಸಹಜ, ಮತ್ತು ಅದರ ಫಲ ಉಣ್ಣುವುದು ಮಾತು ಬಾರದ ಕೂಸು.

ನಾಲಿಗೆಯ ಅಡಿಯ ಪಟ್ಟಿ ಗಿಡ್ಡವಿರುವ ಶಿಶುಗಳ ಕಥೆ ನೋಡಿ. ಹಾಲು ಕುಡಿಯುವಾಗ ನಾಲಿಗೆ ಮುಂದಕ್ಕೆ ಬರಲಾರದೆ ತಾಯಿಗೆ ನೋವು, ಕೂಸಿಗೆ ಅರೆಹೊಟ್ಟೆ ಆಗುವುದುಂಟು. ಪಟ್ಟಿ ಬಿಡಿಸಿದರೆ ಕೆಲವರಿಗೆ ತಕ್ಷಣ ಆರಾಮವಾಗುವುದೂ ನಿಜ. ಆದರೆ ಕಾಕ್ರನ್ ಸಂಸ್ಥೆಯ 2017ರ ಪರಿಶೀಲನೆಯಲ್ಲಿ ಐದು ಪ್ರಯೋಗಗಳ 302 ಶಿಶುಗಳ ಮಾಹಿತಿಯನ್ನು ಒಟ್ಟಿಗೆ ನೋಡಿದಾಗ ಕಂಡದ್ದು, ತಾಯಿಯ ಮೊಲೆತೊಟ್ಟಿನ ನೋವು ಅಲ್ಪಾವಧಿಗೆ ಇಳಿಯುತ್ತದೆ ಎಂಬುದು. ಕೂಸು ಹಾಲು ಕುಡಿಯುವುದು ಸುಧಾರಿಸುತ್ತದೆ ಎನ್ನಲು ಒಂದೇ ರೀತಿಯ ಪುರಾವೆ ಸಿಗಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2024ರ ವರದಿಯ ಪ್ರಕಾರ, ಇಂಥ ಪಟ್ಟಿಯ ಲಕ್ಷಣವಿರುವ ಶಿಶುಗಳಲ್ಲಿ ಹಾಲೂಡಿಸುವ ತೊಂದರೆ ಇರುವುದು ಅರ್ಧಕ್ಕಿಂತ ಕಡಿಮೆ ಮಂದಿಗೆ. ಆದ್ದರಿಂದ ಮೊದಲು ಆಗಬೇಕಾದದ್ದು ಹಾಲೂಡಿಸುವ ಭಂಗಿಯನ್ನು ಅನುಭವಸ್ಥರೊಬ್ಬರು ಕುಳಿತು ನೋಡಿ ತಿದ್ದುವುದು. ಬಿಡಿಸಲೇಬೇಕಾದರೂ ಎಳೆಗೂಸಿನ ತೆಳುಪೊರೆಗೆ ಕತ್ತರಿಯ ಒಂದು ಕಚ್ಚು ಸಾಕು. ಕೆಲವೇ ಸೆಕೆಂಡಿನ ಕೆಲಸ, ಒಂದೆರಡು ಹನಿ ರಕ್ತ, ಕೂಡಲೇ ತಾಯಿಯ ಮಡಿಲು. ಅಲ್ಲಿ ಲೇಸರಿನ ಅಗತ್ಯ ನನಗಂತೂ ಕಾಣುವುದಿಲ್ಲ. ದೊಡ್ಡ ಮಗುವಿನ ದಪ್ಪ, ರಕ್ತ ತುಂಬಿದ ಪಟ್ಟಿಯ ವಿಷಯ ಬೇರೆ. ಅಲ್ಲಿ ಲೇಸರ್ ಅನುಕೂಲವೇ, ಆದರೆ ಆಮೇಲೆ ನಾಲಿಗೆಯ ವ್ಯಾಯಾಮ ತಪ್ಪಿಸಿದರೆ ಗಾಯ ಮತ್ತೆ ಅಂಟಿಕೊಳ್ಳಬಹುದು.

ಮಾತಿನ ವಿಷಯದಲ್ಲೂ ಅವಸರ ಸಲ್ಲದು. ನಾಲ್ಕು ವರ್ಷದ ಮಗು ‘ಹಳ್ಳಿ’ಯನ್ನು ‘ಹಲ್ಲಿ’ ಎಂದರೆ ನಾಲಿಗೆ ಕತ್ತರಿಸಿ ಎಂದು ಬರುವವರಿದ್ದಾರೆ. ನಾಲಿಗೆ ಮೇಲಕ್ಕೆ ಮಡಚಬೇಕಾದ ಅಕ್ಷರಗಳು ತಡವಾಗಿ ಹದಕ್ಕೆ ಬರುವ ಮಕ್ಕಳು ಬೇಕಾದಷ್ಟಿದ್ದಾರೆ. ಮುಂದೆ ಮಾತು ತೊದಲಬಹುದೆಂಬ ಭಯಕ್ಕೆ ಈಗಲೇ ಪಟ್ಟಿ ಬಿಡಿಸುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಮೊದಲು ವಾಕ್ ತಜ್ಞರು ನೋಡಲಿ.

ಮೇಲ್ದುಟಿಯ ಪಟ್ಟಿಯದೂ ಇದೇ ಕಥೆ. ಏಳೆಂಟು ವರ್ಷಕ್ಕೆ ಮುಂಬದಿಯ ಎರಡು ಶಾಶ್ವತ ಹಲ್ಲುಗಳ ನಡುವೆ ಸಂದು ಕಂಡರೆ ಪಟ್ಟಿಯೇ ಕಾರಣ ಎಂದು ಬೊಟ್ಟು ಮಾಡುತ್ತಾರೆ. ದಂತತಜ್ಞ ಬ್ರಾಡ್‌ಬೆಂಟ್ 1937ರಲ್ಲೇ ವಿವರಿಸಿದ ಬೆಳವಣಿಗೆಯ ಹಂತ ಇದು. ಮೇಲಿನಿಂದ ಇಳಿಯುತ್ತಿರುವ ಕೋರೆಹಲ್ಲುಗಳು ಮುಂಬಲ್ಲಿನ ಬೇರುಗಳನ್ನು ಒತ್ತುವುದರಿಂದ ಹಲ್ಲುಗಳು ಅಗಲವಾಗಿ ನಿಲ್ಲುತ್ತವೆ. ಹನ್ನೊಂದು ಹನ್ನೆರಡು ವರ್ಷಕ್ಕೆ ಕೋರೆಹಲ್ಲು ಬಂದಾಗ ಬಹಳಷ್ಟು ಮಕ್ಕಳಲ್ಲಿ ಸಂದು ತಾನೇ ಮುಚ್ಚುತ್ತದೆ. ಅದಕ್ಕೂ ಮುಂಚೆ ಕತ್ತರಿಸಿದರೆ ಆ ಜಾಗದಲ್ಲಿ ಗಟ್ಟಿ ಕಲೆ ಉಳಿದು ಸಂದು ಮುಚ್ಚುವುದಕ್ಕೇ ತಡೆಯಾಗಬಹುದು. ಹಲ್ಲು ಹೊರಬರುವ ಜಾಗದಲ್ಲಿ ಏಳುವ ನೀಲಿ ಗುಳ್ಳೆಯೂ ಹಾಗೆ. ನೋಡಲು ಭಯ ಹುಟ್ಟಿಸುತ್ತದೆ, ಹಲ್ಲು ಮೇಲೆದ್ದಾಗ ತಾನೇ ಒಡೆಯುತ್ತದೆ. ನೋವೋ ಸೋಂಕೋ ಇಲ್ಲದಿದ್ದರೆ ಮುಟ್ಟುವ ಅಗತ್ಯವಿಲ್ಲ.

ಸುರಕ್ಷತೆಯ ನಿಯಮಗಳಲ್ಲಿ ಕಣ್ಣಿಗೆ ಮೊದಲ ಜಾಗ. ದಂತ ಶಸ್ತ್ರಕ್ರಿಯೆಯ ಲೇಸರುಗಳು ಅರ್ಧ ವ್ಯಾಟಿಗೂ ಮಿಗಿಲಾದ ನಾಲ್ಕನೇ ವರ್ಗದವು. ಡಯೋಡಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ರೆಪ್ಪೆ ಮುಚ್ಚುವ ಸಹಜ ರಕ್ಷಣೆಯೂ ಇಲ್ಲ. ಮಸೂರ ಅದನ್ನು ನೇರ ಅಕ್ಷಿಪಟಲದ ಮೇಲೆ ಚುಕ್ಕೆಯಾಗಿ ಕೂಡಿಸುತ್ತದೆ. ಅರ್ಬಿಯಂ ಮತ್ತು ಇಂಗಾಲದ ಡೈಆಕ್ಸೈಡ್ ಲೇಸರುಗಳು ಕಣ್ಣಿನ ಹೊರಗಿನ ಪಾರದರ್ಶಕ ಪದರವನ್ನು ಸುಡುತ್ತವೆ. ಒಂದು ತರಂಗಾಂತರಕ್ಕೆ ಮಾಡಿದ ಕನ್ನಡಕ ಇನ್ನೊಂದಕ್ಕೆ ಆಗದು, ಬಣ್ಣದ ಗಾಜಿನ ತಂಪು ಕನ್ನಡಕವಂತೂ ಯಾವುದಕ್ಕೂ ಆಗದು. ಕನ್ನಡಕದ ಮೇಲೆ ಅದು ತಡೆಯುವ ನ್ಯಾನೊಮೀಟರುಗಳನ್ನು ಬರೆದಿರುತ್ತಾರೆ. ಯಂತ್ರದ ಮೇಲಿನ ಸಂಖ್ಯೆಗೆ ಅದು ಹೊಂದುತ್ತದೆಯೇ ಎಂದು ತಂದೆತಾಯಿ ಕೇಳಬಹುದು, ಕೇಳಬೇಕು. ಮಗುವಿನ ಮುಖಕ್ಕೆ ದೊಡ್ಡವರ ಕನ್ನಡಕ ಜಾರುತ್ತದೆ, ಮೂಗಿನ ಪಕ್ಕದ ಸಂದಿನಿಂದ ಬೆಳಕು ನುಸುಳಬಹುದು. ಮಕ್ಕಳ ಅಳತೆಯದೇ ಇರಬೇಕು.

ಹೊಗೆಯೂ ನಿರಪಾಯವಲ್ಲ. ನರುಳ್ಳೆಗಳನ್ನು ಲೇಸರಿನಿಂದ ಸುಟ್ಟಾಗ ಏಳುವ ಹೊಗೆಯಲ್ಲಿ ಪಾಪಿಲೋಮ ವೈರಸ್ಸಿನ ಡಿಎನ್‌ಎ ಸಿಕ್ಕಿದ್ದು 1988ರಲ್ಲೇ ವರದಿಯಾಗಿತ್ತು. ಆದ್ದರಿಂದ ಬಲವಾದ ಹೀರುಕೊಳವೆ ಗಾಯದ ಪಕ್ಕದಲ್ಲೇ ಇರಬೇಕು. ಮಗುವನ್ನು ಶಾಂತಗೊಳಿಸಲು ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಕೊಡುತ್ತಿದ್ದರೆ ಇನ್ನೂ ಎಚ್ಚರ. ಎರಡೂ ಉರಿಗೆ ಒತ್ತಾಸೆಯಾಗುವ ಅನಿಲಗಳು, ಒಣ ಹತ್ತಿಯೋ ಬಟ್ಟೆಯೋ ಹತ್ತಿರವಿರಬಾರದು.

ಶಾಖದ ಮಿತಿಗೆ ಎರಡು ಹಳೆಯ ಪ್ರಯೋಗಗಳು ಇಂದಿಗೂ ಆಧಾರ. 1965ರಲ್ಲಿ ಝಾಕ್ ಮತ್ತು ಕೋಹೆನ್ ಕೋತಿಗಳ ಹಲ್ಲನ್ನು ಹೊರಗಿನಿಂದ ಕಾಯಿಸಿ ನೋಡಿದರು. ಒಳಗಿನ ತಿರುಳಿನ ತಾಪ 5.5 ಡಿಗ್ರಿ ಏರಿದಾಗ ಶೇಕಡ 15ರಷ್ಟು ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. 1983ರಲ್ಲಿ ಸ್ವೀಡನ್ನಿನ ಎರಿಕ್ಸನ್ ಮತ್ತು ಆಲ್‌ಬ್ರೆಕ್ಟ್‌ಸನ್ ಮೊಲದ ಮೂಳೆಯಲ್ಲಿ ಕಂಡ ಹಾನಿಯ ಗಡಿ 47 ಡಿಗ್ರಿ, ಒಂದು ನಿಮಿಷ. ವಸಡಿನ ಮೇಲೆ ನೂರು ಡಿಗ್ರಿ ದಾಟುವ ತುದಿಯಿಂದ ಎರಡು ಮಿಲಿಮೀಟರ್ ದೂರದಲ್ಲಿ ಮಗುವಿನ ಮೂಳೆಯೂ ಹಲ್ಲಿನ ತಿರುಳೂ ಇವೆ. ಕೈ ಚಲಿಸುತ್ತಲೇ ಇರಬೇಕು, ನಡುನಡುವೆ ನಿಲ್ಲಿಸಿ ನೀರೋ ಗಾಳಿಯೋ ಬಿಟ್ಟು ತಣಿಸಬೇಕು ಎನ್ನುವುದು ಇದಕ್ಕೇ.

ಇಷ್ಟು ಹೊತ್ತು ಹೇಳಿದ್ದೆಲ್ಲ ಕತ್ತರಿಸುವ ಬೆಳಕು. ಕತ್ತರಿಸದ ಬೆಳಕೂ ಒಂದಿದೆ. 1967ರ ಸುಮಾರಿಗೆ ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್ ಕೂದಲು ಬೋಳಿಸಿದ ಇಲಿಗಳ ಮೇಲೆ ದುರ್ಬಲ ಮಾಣಿಕ್ಯ ಲೇಸರ್ ಬಿಟ್ಟರು. ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗ ಬೆಳೆಯಿತು. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಕಿಣ್ವವೊಂದು ಕೆಂಪು ಬೆಳಕನ್ನು ಹೀರಿ ಕೋಶದ ಚಟುವಟಿಕೆಯನ್ನು ಹೆಚ್ಚಿಸುತ್ತದೆ ಎಂಬುದು ಇಂದು ಹೆಚ್ಚು ಒಪ್ಪಿತವಾಗಿರುವ ವಿವರಣೆ. ಈ ಬೆಳಕಿನ ಹೆಸರಿನಲ್ಲಿ ಏನೇನೋ ಮಾರಾಟವಾಗುತ್ತದೆ. ಆದರೆ ಮಕ್ಕಳ ಬಾಯಿಯ ಒಂದು ಕಾಯಿಲೆಯಲ್ಲಿ ಅದರ ಪುರಾವೆ ಗಟ್ಟಿಯಾಗಿದೆ.

ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆ ಕಸಿಯಾಗುವ ಮಕ್ಕಳಿಗೆ ಅದಕ್ಕೂ ಮುನ್ನ ಕೊಡುವ ಕಿಮೊಥೆರಪಿ ಬಾಯಿಯ ಒಳಪದರವನ್ನೇ ಸುಲಿದುಹಾಕುತ್ತದೆ. ತುಟಿ, ಕೆನ್ನೆ, ನಾಲಿಗೆ ಎಲ್ಲ ಹುಣ್ಣು. ಮಗು ಎಂಜಲು ನುಂಗಲಾರದೆ ಬಟ್ಟಲಿಗೆ ಉಗುಳುತ್ತದೆ. ನೋವಿಗೆ ಮಾರ್ಫಿನ್, ಊಟಕ್ಕೆ ನಳಿಕೆ. ಹುಣ್ಣಿನ ಮೂಲಕ ಸೋಂಕು ರಕ್ತಕ್ಕಿಳಿದರೆ ಪ್ರಾಣಕ್ಕೇ ಸಂಚಕಾರ. ಅಸ್ಥಿಮಜ್ಜೆ ಕಸಿ ಅಥವಾ ತಲೆ ಕತ್ತಿನ ವಿಕಿರಣ ಚಿಕಿತ್ಸೆಗೆ ಒಳಗಾಗುವ ಮಕ್ಕಳಿಗೆ 620ರಿಂದ 750 ನ್ಯಾನೊಮೀಟರಿನ ಕೆಂಪು ಬೆಳಕನ್ನು ಬಾಯಿಯೊಳಗೆ ಕೊಡಬಹುದೆಂದು 2021ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಶಿಫಾರಸು ಮಾಡಿತು. ಶಕ್ತಿ ಕೆಲವೇ ಮಿಲಿವ್ಯಾಟ್‌ಗಳಿಂದ ಕೆಲವು ನೂರು ಮಿಲಿವ್ಯಾಟ್‌ಗಳವರೆಗೆ, ಬಿಸಿಯೂ ತಾಗುವುದಿಲ್ಲ. ದಾದಿಯೋ ದಂತವೈದ್ಯರೋ ಹಾಸಿಗೆಯ ಬಳಿಗೇ ಯಂತ್ರ ತಂದು ತುಟಿಯೊಳಗೆ, ಎರಡು ಕೆನ್ನೆಗೆ, ನಾಲಿಗೆಯ ಅಂಚಿಗೆ, ಬಾಯಿಯ ತಳಕ್ಕೆ ಒಂದೊಂದು ಬಿಂದುವಿನಲ್ಲಿ ಕೆಲವು ಸೆಕೆಂಡು ಹಿಡಿಯುತ್ತಾರೆ. ಹುಣ್ಣು ಏಳುವ ಮುನ್ನವೇ ಶುರು ಮಾಡಿ ದಿನವೂ ಕೊಟ್ಟರೆ ತೀವ್ರ ಹುಣ್ಣಿನ ದಿನಗಳು ಕಡಿಮೆಯಾಗುತ್ತವೆ. ಬಾಯಿಯೊಳಗೇ ಗಡ್ಡೆ ಇರುವ ಮಕ್ಕಳಲ್ಲಿ ಗಡ್ಡೆಯ ಮೇಲೆ ನೇರವಾಗಿ ಬೆಳಕು ಬೀಳದಂತೆ ವೈದ್ಯರು ಜಾಗ ಬಿಡುತ್ತಾರೆ. ಬಾಯಿ ತೆರೆಯಲಾಗದಷ್ಟು ನೋವಿರುವ ಪುಟ್ಟ ಮಕ್ಕಳಿಗೆ ಕೆನ್ನೆಯ ಹೊರಗಿನಿಂದಲೇ ಬೆಳಕು ಹಾಯಿಸುವ ಕ್ರಮವೂ ಇದೆ. ಅದಕ್ಕೆ ಕೆಂಪಿಗಿಂತ ಆಳಕ್ಕಿಳಿಯುವ ಹತ್ತಿರದ ಅವಕೆಂಪನ್ನು ಬಳಸುತ್ತಾರೆ.